ಹೆಣಕ್ಕಿಂತ ರಸೀದಿ ಮುಖ್ಯ

ವ್ಯಾಂಪೈರ್ ಪತ್ತೇದಾರಿ ಕಥೆಗಳ ಮೊದಲ ಪುಟ ಹೆಚ್ಚುಕಮ್ಮಿ ಒಂದೇ ಥರ ಇರುತ್ತದೆ. ಜಿಟಿಜಿಟಿ ಮಳೆ, ಕತ್ತಲ ಓಣಿ, ಕತ್ತಿನಲ್ಲಿ ಎರಡು ತೂತುಗಳಿರುವ ಹೆಣ, ನೆಲದ ಮೇಲೆ ಒಂದು ತೊಟ್ಟೂ ನೆತ್ತರಿಲ್ಲ. ಕೋಟಿನ ಕಾಲರ್ ಎತ್ತಿಕೊಂಡ ಪತ್ತೇದಾರ ಬಗ್ಗಿ ನೋಡಿ, ಇದೆಂಥ ವಿಚಿತ್ರ ಅಂದುಕೊಳ್ಳುತ್ತಾನೆ. ವಿಚಿತ್ರ ಅವನೊಬ್ಬನಿಗೇ. ಮುಖಪುಟದ ಕೋರೆಹಲ್ಲು ನೋಡಿಯೇ ಪುಸ್ತಕ ಕೈಗೆತ್ತಿಕೊಂಡ ಓದುಗನಿಗೆ ಕೊಂದದ್ದು ಎಂಥ ಪ್ರಾಣಿ ಅಂತ ಆಗಲೇ ಗೊತ್ತು. ಮುಂದಿನ ಎಂಬತ್ತು ಪುಟ ಪತ್ತೇದಾರ ಅದನ್ನು ನಂಬಲೋ ಬೇಡವೋ ಅಂತ ಒದ್ದಾಡುತ್ತಾನೆ, ಓದುಗ ಆಕಳಿಸುತ್ತ ಕಾಯುತ್ತಾನೆ. ಪತ್ತೇದಾರಿ ಕಥೆಯಲ್ಲಿ ಓದುಗ ಒಂದು ಹೆಜ್ಜೆ ಹಿಂದಿರಬೇಕು, ಹೆಚ್ಚೆಂದರೆ ಪಕ್ಕದಲ್ಲಿರಬೇಕು. ಇಲ್ಲಿ ಅವನು ಎಂಬತ್ತು ಪುಟ ಮುಂದೆ ಹೋಗಿ ಕೂತಿರುತ್ತಾನೆ.

ಹೀಗೇಕೆ ಆಗುತ್ತದೆ? ಮೇಲುನೋಟಕ್ಕೆ ಈ ಎರಡೂ ಪ್ರಕಾರಗಳು ಒಂದಕ್ಕೊಂದು ಹೇಳಿ ಮಾಡಿಸಿದ ಹಾಗಿವೆ. ಎರಡಕ್ಕೂ ರಾತ್ರಿಯೇ ಹಗಲು. ಎರಡರಲ್ಲೂ ದೊಡ್ಡ ಮನೆಯೊಳಗೆ ಕೊಳೆತ ಶ್ರೀಮಂತನಿದ್ದಾನೆ, ನಂಬಬಾರದ ಸುಂದರಿಯಿದ್ದಾಳೆ, ದುಡ್ಡು ತಿಂದ ಪೊಲೀಸರಿದ್ದಾರೆ. ಆದರೆ ಇದೆಲ್ಲ ಬಟ್ಟೆಯ ಹೋಲಿಕೆ, ರಕ್ತಸಂಬಂಧವಲ್ಲ. ಬರೀ ಬಟ್ಟೆ ನೋಡಿ ಮದುವೆ ಮಾಡಿಸಿದ ಕಥೆಗಳು ನಡುವಿನಲ್ಲೇ ಸುಸ್ತಾಗುತ್ತವೆ. ಕೊನೆಯ ಅಧ್ಯಾಯದಲ್ಲಿ ಪತ್ತೇದಾರ ಸುಳಿವುಗಳನ್ನೆಲ್ಲ ಮೂಲೆಗೆಸೆದು ವ್ಯಾಂಪೈರ್‌ನ ಎದೆಗೆ ಹೊಡೆಯುವ ಮರದ ಗೂಟ ಕೈಗೆತ್ತಿಕೊಳ್ಳುತ್ತಾನೆ. ಅಲ್ಲಿಯವರೆಗೆ ಸವೆದ ಅವನ ಚಪ್ಪಲಿಗೆ ಬೆಲೆಯೇ ಇಲ್ಲ.

ನಿಜವಾದ ನಂಟು ಇರುವುದು ಕಾಗದದಲ್ಲಿ. ವ್ಯಾಂಪೈರ್ ಸಾಹಿತ್ಯ ಹುಟ್ಟಿದ್ದೇ ಸರ್ಕಾರಿ ಕಡತದಿಂದ. ಹಾರ್ಡ್‌ಬಾಯಿಲ್ಡ್ ಕಥೆ, ಅಂದರೆ ಕೆಟ್ಟ ಊರಿನ ಒರಟು ಪತ್ತೇದಾರನ ಕಥೆ, ಬೆಳೆದದ್ದು ಕಳ್ಳಮಾಲಿನ ಲೆಕ್ಕದಿಂದ. ಎರಡನ್ನೂ ಒಂದೇ ಮೇಜಿಗೆ ಎದುರುಬದುರು ಕೂರಿಸಿದರೆ ಮಾತು ತಾನಾಗಿ ಶುರುವಾಗುತ್ತದೆ.

ಕಂಡದ್ದು ಸರಿ, ಅಂದದ್ದು ತಪ್ಪು

1732ರ ಜನವರಿ. ಸರ್ಬಿಯಾದ ಆ ಭಾಗ ಆಗ ಆಸ್ಟ್ರಿಯಾದ ಕೈಯಲ್ಲಿತ್ತು. ಮೆದ್ವೆಜಾ ಎಂಬ ಹಳ್ಳಿಯಲ್ಲಿ ಸತ್ತವರು ಎದ್ದು ಬಂದು ಜನರನ್ನು ಕೊಲ್ಲುತ್ತಿದ್ದಾರೆಂಬ ದೂರು. ವಿಚಾರಣೆಗೆ ಹೋದವರು ಮಂತ್ರವಾದಿಗಳಲ್ಲ, ಸೇನೆಯ ಶಸ್ತ್ರವೈದ್ಯರು. ಗೋರಿ ಅಗೆಸಿದರು, ಒಂದೊಂದೇ ಹೆಣ ಸೀಳಿ ನೋಡಿದರು, ಸತ್ತವರ ವಯಸ್ಸು, ಹೂತ ಅವಧಿ, ಒಳಗಿನ ಸ್ಥಿತಿ ಎಲ್ಲ ಬರೆದು ಸಹಿ ಹಾಕಿದರು. ಆ ವರದಿಯ ಹೆಸರು 'ವಿಸುಮ್ ಎಟ್ ರೆಪರ್ಟುಮ್', ಅಂದರೆ 'ಕಂಡದ್ದು, ಸಿಕ್ಕಿದ್ದು'. ಇಂಥದ್ದೇ ಇನ್ನೊಂದು ಅಧಿಕೃತ ವರದಿ ಅದಕ್ಕೂ ಏಳು ವರ್ಷ ಮೊದಲು, 1725ರಲ್ಲಿ, ಕಿಸಿಲೋವಾ ಹಳ್ಳಿಯಿಂದ ಬಂದಿತ್ತು.

ಮೆದ್ವೆಜಾದ ವರದಿಯಲ್ಲಿ ಅರವತ್ತರ ಒಬ್ಬ ಹೆಂಗಸಿನ ಪ್ರಸ್ತಾಪ ಬರುತ್ತದೆ. ಬದುಕಿದ್ದಷ್ಟು ದಿನ ಒಣಕಲು ಕಡ್ಡಿಯ ಹಾಗಿದ್ದವಳು ಗೋರಿಯಲ್ಲಿ ಹೇಗೆ ಮೈ ತುಂಬಿಕೊಂಡಳು ಅಂತ ಸುತ್ತ ನಿಂತ ಪರಿಚಯಸ್ಥರು ಬೆರಗಾದರಂತೆ. ಬೇರೆ ಹೆಣಗಳ ಬಾಯಿ ಮೂಗಿನಲ್ಲಿ ರಕ್ತ, ಹಳೆಯ ಉಗುರು ಕಳಚಿ ಕೆಳಗೆ ಹೊಸದು. ವೈದ್ಯರು ಸುಳ್ಳು ಬರೆದಿಲ್ಲ. ಕೊಳೆಯುವ ಹೆಣದಲ್ಲಿ ಅನಿಲ ತುಂಬಿ ಮೈ ಉಬ್ಬುತ್ತದೆ. ಆ ಒತ್ತಡಕ್ಕೆ ಒಳಗಿನ ಕೆಂಗಪ್ಪು ದ್ರವ ಬಾಯಿ ಮೂಗಿನಿಂದ ಹೊರಬರುತ್ತದೆ. ಮೇಲ್ಚರ್ಮ ಉಗುರಿನ ಸಮೇತ ಜಾರಿ ಬಿದ್ದು ಕೆಳಗಿನ ಹಸಿ ಪದರ ಹೊಸದಾಗಿ ಕಾಣುತ್ತದೆ. ತಂಪು ಮಣ್ಣಿನಲ್ಲಿ, ಚಳಿಗಾಲದಲ್ಲಿ ಇದೆಲ್ಲ ನಿಧಾನವಾಗಿ, ಒಂದೊಂದು ಗೋರಿಯಲ್ಲಿ ಒಂದೊಂದು ಥರ ನಡೆಯುತ್ತದೆ. ಅವರು ಕಂಡದ್ದೆಲ್ಲ ಸರಿ, ಅದರಿಂದ ತೆಗೆದ ತೀರ್ಮಾನ ಮಾತ್ರ ತಪ್ಪು. ಕೊನೆಗೆ 1755ರಲ್ಲಿ ಆಸ್ಟ್ರಿಯಾದ ಆಳರಸಿ ಮರಿಯಾ ತೆರೇಸಾ ತನ್ನ ವೈದ್ಯ ಗೆರಾರ್ಡ್ ವಾನ್ ಸ್ವೀಟನ್‌ನ ವರದಿ ತರಿಸಿಕೊಂಡು ಹೀಗೆ ಹೆಣ ಅಗೆದು ಹಾಳುಗೆಡಹುವುದಕ್ಕೆ ತಡೆ ಹಾಕಿದಳು.

ಕಥೆ ಬರೆಯುವವರಿಗೆ ಇದಕ್ಕಿಂತ ಒಳ್ಳೆಯ ಪಾಠವಿಲ್ಲ. ಸಾಕ್ಷ್ಯ ಸರಿಯಿದ್ದು ತೀರ್ಮಾನ ತಪ್ಪುವುದೇ ಪತ್ತೇದಾರಿಯ ಅರ್ಧ ಬಂಡವಾಳ. ವ್ಯಾಂಪೈರ್‌ಗಳು ಇದ್ದಾರೆಂದು ಎಲ್ಲರಿಗೂ ಗೊತ್ತಿರುವ ಊರಿನಲ್ಲಿ ಕಥೆ ನಡೆಸಿ ನೋಡಿ. ಅಲ್ಲಿ ನೆತ್ತರು ಬಸಿದ ಹೆಣ ಸಿಕ್ಕರೆ ಪೊಲೀಸರು ಐದು ನಿಮಿಷದಲ್ಲಿ ಕಡತ ಮುಚ್ಚುತ್ತಾರೆ. ಮನುಷ್ಯ ಕೊಲೆಗಾರನಿಗೆ ಇದಕ್ಕಿಂತ ಒಳ್ಳೆಯ ಮರೆ ಬೇಕೆ? ಈಗ ಪತ್ತೇದಾರನಿಗೆ ನಿಜವಾದ ಕೆಲಸ ಸಿಕ್ಕಿತು, ಓದುಗನೂ ಮುಂದಿನ ಸೀಟಿನಿಂದ ಎದ್ದು ಹಿಂದಕ್ಕೆ ಬಂದ.

ಹೆಣ ಕೊಡುವ ಸಾಕ್ಷಿ

ಇಂಥ ಕೊಲೆಗಾರ ಸಿಕ್ಕಿಬೀಳುವುದು ಹೇಗೆ? ದೊಡ್ಡವರ ಮೈಯಲ್ಲಿ ಸುಮಾರು ಐದು ಲೀಟರ್ ರಕ್ತ, ಅಂದರೆ ಕಿಲೋ ತೂಕಕ್ಕೆ 70 ಮಿಲಿಲೀಟರಿನ ಲೆಕ್ಕ. ಶೇಕಡಾ 40ಕ್ಕಿಂತ ಹೆಚ್ಚು ಹೋದರೆ, ಚಿಕಿತ್ಸೆ ಸಿಗದಿದ್ದರೆ, ಆಸೆ ಬಿಡಬೇಕಾದ ಸ್ಥಿತಿ. ಹೃದಯ ಬಡಿಯುತ್ತಿರುವಷ್ಟು ಹೊತ್ತು ಅದೇ ಪಂಪು, ಗಾಯದಿಂದ ರಕ್ತ ತಾನಾಗಿ ಹೊರಗೆ ಬರುತ್ತದೆ. ಬಡಿತ ನಿಂತ ಮೇಲೆ ಉಳಿಯುವುದು ಭೂಮಿಯ ಸೆಳೆತ ಮಾತ್ರ. ರಕ್ತ ಮೈಯ ತಗ್ಗಿನ ಭಾಗಕ್ಕೆ ಇಳಿದು ನೇರಳೆ ಕಲೆ ಮೂಡಿಸುತ್ತದೆ. ಸತ್ತ ಅರ್ಧ ಗಂಟೆಯಿಂದ ಎರಡು ಗಂಟೆಯೊಳಗೆ ಕಲೆ ಕಾಣಿಸಿಕೊಳ್ಳುತ್ತದೆ, ಎಂಟರಿಂದ ಹನ್ನೆರಡು ಗಂಟೆಯ ಹೊತ್ತಿಗೆ ನೆಲೆಯೂರುತ್ತದೆ. ಆಮೇಲೆ ಹೆಣವನ್ನು ಮಗುಚಿ ಹಾಕಿದರೂ ಕಲೆ ಜಾಗ ಬಿಡುವುದಿಲ್ಲ.

ಮೊದಲು ಕೊಂದು, ಗಾಬರಿಯಾಗಿ, ಮರುದಿನ ಬುದ್ಧಿ ಬಂದು 'ವ್ಯಾಂಪೈರ್ ಕೆಲಸ' ಅನ್ನಿಸಲು ರಕ್ತ ಬಸಿಯಲು ಹೊರಟವನು ಇಲ್ಲೇ ಎಡವುತ್ತಾನೆ. ಬೆನ್ನ ಮೇಲೆ ದಟ್ಟ ಕಲೆ ನೆಲೆಯೂರಿದೆ, ಆದರೆ ಕತ್ತಿನಲ್ಲಿ ತೂತು, ನಾಳಗಳಲ್ಲಿ ರಕ್ತವಿಲ್ಲ. ಬದುಕಿದ್ದಾಗಲೇ ಹೀರಿಸಿಕೊಂಡವನ ಮೈಯಲ್ಲಿ ಕಲೆ ಮಸುಕಾಗಿರಬೇಕು, ಇಲ್ಲವೇ ಕಾಣಿಸಲೇಬಾರದು. ತೂತಿನ ಅಂಚಿನಲ್ಲಿ ಬಾವು, ಕೆಂಪು ಏನೂ ಇಲ್ಲದಿದ್ದರೆ ಅದು ಸತ್ತ ಮೇಲಿನ ಗಾಯ ಅನ್ನುವುದಕ್ಕೆ ಇನ್ನೊಂದು ಸಾಕ್ಷಿ. ಶವಾಗಾರದ ವೈದ್ಯ ಪತ್ತೇದಾರನ ಕಿವಿಯಲ್ಲಿ ಹೇಳಬೇಕಾದ ಮಾತು ಇಷ್ಟೇ, ಅದಕ್ಕೆ ಒಂದೇ ಸಾಲು ಸಾಕು.

ಇನ್ನು ಆ ಎರಡು ತೂತುಗಳ ವಿಚಾರ. ಕತ್ತಿನ ಅಪಧಮನಿಗೆ ಹಲ್ಲು ಇಳಿದರೆ ರಕ್ತ ಚಿಮ್ಮುತ್ತದೆ. ಗೋಡೆ, ಕಾಲರ್, ಕಚ್ಚಿದವನ ಅಂಗಿ, ಎಲ್ಲದರ ಮೇಲೂ ಗುರುತು ಬೀಳುತ್ತದೆ. ಪಕ್ಕದ ಅಭಿಧಮನಿಯಲ್ಲಿ ಒತ್ತಡ ಕಡಿಮೆ, ಅಲ್ಲಿ ಅಚ್ಚುಕಟ್ಟಾಗಿ ಕುಡಿಯಬಹುದು, ಆದರೆ ಹೊತ್ತು ಹಿಡಿಯುತ್ತದೆ, ಅಷ್ಟರಲ್ಲಿ ರಕ್ತ ಹೆಪ್ಪುಗಟ್ಟಲು ಶುರು. ಹಾಗಾಗಿ ಜೊಲ್ಲಿನಲ್ಲಿ ಹೆಪ್ಪುತಡೆ ಬೇಕೇ ಬೇಕು. ರಕ್ತ ಕುಡಿಯುವ ಬಾವಲಿಯ ಜೊಲ್ಲಿನಲ್ಲಿ ಅಂಥದ್ದು ನಿಜವಾಗಿಯೂ ಇದೆ, ವಿಜ್ಞಾನಿಗಳು ಅದಕ್ಕೆ 'ಡ್ರಾಕುಲಿನ್' ಅಂತ ಹೆಸರನ್ನೂ ಇಟ್ಟಿದ್ದಾರೆ. ಆ ಬಾವಲಿ ಹೀರುವುದಿಲ್ಲ, ಗಾಯ ಮಾಡಿ ನೆಕ್ಕುತ್ತದೆ. ರಾತ್ರಿಗೆ ಸುಮಾರು 20 ಮಿಲಿಲೀಟರ್, ಹೆಚ್ಚುಕಮ್ಮಿ ತನ್ನ ತೂಕದ ಅರ್ಧ. ಅಷ್ಟು ಭಾರ ಹೊತ್ತುಕೊಂಡು ಹಾರಲಾಗುವುದಿಲ್ಲವಾದ್ದರಿಂದ ಕುಡಿಯುತ್ತಿರುವಾಗಲೇ ರಕ್ತದ ನೀರಿನಂಶವನ್ನು ಉಚ್ಚೆಯಾಗಿ ಇಳಿಸಿಬಿಡುತ್ತದೆ. (ಶೋಕಿಯ ವ್ಯಾಂಪೈರ್ ಬರೆಯುವವರು ಈ ಭಾಗವನ್ನು ಕೈಬಿಡುತ್ತಾರೆ. ಅರ್ಥವಾಗುತ್ತದೆ.) ಮನುಷ್ಯನ ಹೊಟ್ಟೆ ಆರಾಮವಾಗಿ ಹಿಡಿಯುವುದು ಒಂದು, ಒಂದೂವರೆ ಲೀಟರ್. ಒಂದೇ ಏಟಿಗೆ ಐದು ಲೀಟರ್ ಹೀರಿ ಎದ್ದುಹೋದ ವ್ಯಾಂಪೈರ್‌ನ ಸೊಂಟದ ಪಟ್ಟಿ ಇನ್ನೂ ಗಟ್ಟಿಯಾಗಿದೆ ಅಂತ ಬರೆದರೆ, ಓದುಗ ನಂಬಿದರೂ ಪತ್ತೇದಾರ ನಂಬಬಾರದು. ಒಣಗಿದ ಹೆಣ ಕಂಡಾಗ ಅವನ ಮೊದಲ ಪ್ರಶ್ನೆ 'ಎಷ್ಟು ಜನ ಕುಡಿದರು' ಅಂತಿರಬೇಕು.

ಐವತ್ತು ಪೆಟ್ಟಿಗೆ

1897ರ 'ಡ್ರಾಕುಲಾ'ವನ್ನು ಎಲ್ಲರೂ ಭಯದ ಕಥೆಯೆಂದೇ ಓದುತ್ತಾರೆ. ಅದರ ನಡುಭಾಗ ಅಪ್ಪಟ ಪತ್ತೇದಾರಿ. ದಿನಚರಿ, ಕಾಗದ, ತಂತಿ, ಪತ್ರಿಕೆಯ ತುಣುಕು ಸೇರಿಸಿ ಕಟ್ಟಿದ ಕಾದಂಬರಿ ಅದು. ಕಥೆಯೊಳಗೇ ನಾಯಕಿ ಮೀನಾ ಕೂತು ಅದನ್ನೆಲ್ಲ ತಾರೀಖಿನ ಪ್ರಕಾರ ಟೈಪು ಮಾಡುತ್ತಾಳೆ. ಓದುಗನ ಕೈಯಲ್ಲಿರುವುದು ಒಂದು ಕೇಸಿನ ಕಡತ.

ಕೌಂಟ್ ಡ್ರಾಕುಲಾನ ತಯಾರಿ ನೋಡಿ. ಕೋಟೆಗೆ ಬಂದ ತರುಣ ವಕೀಲ ಹಾರ್ಕರ್‌ನನ್ನು ಅವನು ಕೇಳುವುದು, ಇಂಗ್ಲೆಂಡಿನಲ್ಲಿ ಒಬ್ಬನೇ ಇಬ್ಬರು ವಕೀಲರನ್ನು ಇಟ್ಟುಕೊಳ್ಳಬಹುದೇ, ಬ್ಯಾಂಕಿನ ವ್ಯವಹಾರಕ್ಕೊಬ್ಬ, ಹಡಗಿನ ಸಾಗಣೆಗೊಬ್ಬ ಅಂತ. ಯಾರೊಬ್ಬನಿಗೂ ಪೂರ್ತಿ ಚಿತ್ರ ಸಿಗಬಾರದು. ಇವತ್ತಿನ ಹವಾಲಾದವರೂ ಮಾಡುವುದು ಇದನ್ನೇ. ಆಮೇಲೆ ಅವನು ಮಲಗಲೇಬೇಕಾದ ತನ್ನೂರಿನ ಮಣ್ಣು ತುಂಬಿದ ಐವತ್ತು ಪೆಟ್ಟಿಗೆ ಹಡಗಿನಲ್ಲಿ ಇಂಗ್ಲೆಂಡಿನ ವಿಟ್ಬಿ ಬಂದರಿಗೆ ಬಂದು, ಅಲ್ಲಿಂದ ರೈಲಿನಲ್ಲಿ ಲಂಡನ್ ಸೇರುತ್ತವೆ. ಕಾರ್‌ಫ್ಯಾಕ್ಸ್ ಎಂಬ ಪಾಳು ಮನೆಯಲ್ಲಿ ಹುಡುಕಿದಾಗ ಸಿಕ್ಕಿದ್ದು 29. ಉಳಿದ 21 ಎಲ್ಲಿ?

ಇಲ್ಲಿಂದ ಶಿಲುಬೆಯೂ ಇಲ್ಲ, ಬೆಳ್ಳುಳ್ಳಿಯೂ ಇಲ್ಲ. ಹಾರ್ಕರ್ ಗಾಡಿಯವರನ್ನು ಹುಡುಕಿಕೊಂಡು ಹೊರಡುತ್ತಾನೆ. ಮೊದಲನೆಯವನು ಬಿಯರ್ ಸಿಗುತ್ತದೆಂಬ ಖುಷಿಗೆ ಮುಂಚೆಯೇ ಕುಡಿದು ಮಾತಿಗೆ ಸಿಗದ ಸ್ಥಿತಿಯಲ್ಲಿದ್ದಾನೆ. ಎರಡನೆಯವನು ಪ್ಯಾಂಟಿನ ಹಿಂಭಾಗದ ಎಲ್ಲಿಂದಲೋ ಕಿವಿ ಮಡಿಸಿದ ಒಂದು ನೋಟ್‌ಬುಕ್ ತೆಗೆಯುತ್ತಾನೆ. ದಪ್ಪ ಪೆನ್ಸಿಲಿನಲ್ಲಿ ಗೀಚಿ ಅರ್ಧ ಅಳಿಸಿಹೋದ ಅಕ್ಷರ, ಅವನಿಗಲ್ಲದೆ ಇನ್ನೊಬ್ಬರಿಗೆ ತಿಳಿಯುವಂಥದ್ದಲ್ಲ. ಆರು ಪೆಟ್ಟಿಗೆ ಲಂಡನ್ನಿನ ಮೈಲ್ ಎಂಡ್‌ಗೆ, ಆರು ಬರ್ಮಂಡ್ಸಿಗೆ. ಮೂರನೆಯವನು ಪಿಕಡಿಲಿಗೆ ಒಂಬತ್ತು ಸಾಗಿಸಿದ್ದಾನೆ. ಪೆಟ್ಟಿಗೆ ಎತ್ತಲು ಕೈಗೂಡಿಸಿದ ಮುದುಕನ ಬಗ್ಗೆ ಅವನು ಹೇಳುವುದು ಕೇಳಿ: ನಾನು ಕಂಡವರಲ್ಲೇ ಅಂಥ ಗಟ್ಟಿ ಆಳು ಇನ್ನೊಬ್ಬನಿಲ್ಲ, ಬಿಳಿ ಮೀಸೆಯ ಮುದುಕ, ಆದರೂ ಎಷ್ಟು ಸಣಕಲು ಅಂದರೆ ನೆರಳೇ ಬೀಳುವುದಿಲ್ಲವೇನೋ ಅನ್ನುವಷ್ಟು. ಹೇಳಿದವನಿಗೆ ಅದು ಬರೀ ಮಾತಿನ ವರಸೆ. ಡ್ರಾಕುಲಾಗೆ ನೆರಳಿಲ್ಲ ಅನ್ನುವುದು ಕೇಳಿಸಿಕೊಳ್ಳುತ್ತಿರುವ ಹಾರ್ಕರ್‌ಗೆ ಗೊತ್ತು, ನಮಗೂ ಗೊತ್ತು. ಸುಳಿವನ್ನು ಗಾದೆಯ ಹಾಗೆ ಬಾಯ್ಮಾತಿನಲ್ಲಿ ಬಚ್ಚಿಡುವ ಈ ಕಲೆಯನ್ನು ಆಮೇಲೆ ಬಂದ ಎಷ್ಟೋ ವ್ಯಾಂಪೈರ್ ಪತ್ತೇದಾರಿಗಳು ಕಲಿಯಲೇ ಇಲ್ಲ.

ಪಿಕಡಿಲಿಯ ಮನೆ ಕೊಂಡವನು ಯಾರೆಂದು ದಲ್ಲಾಳಿ ಕಚೇರಿ ಮೊದಲು ಬಾಯಿ ಬಿಡುವುದಿಲ್ಲ. ಹಾರ್ಕರ್‌ನ ಗೆಳೆಯರಲ್ಲೊಬ್ಬ ಲಾರ್ಡ್ ಅಂತ ತಿಳಿದ ಮೇಲೆ ವಿನಯದಿಂದ ಉತ್ತರ ಬರುತ್ತದೆ. ಕೊಂಡವನು ಕೌಂಟ್ ಡಿ ವಿಲ್ ಎಂಬ ವಿದೇಶಿ ಶ್ರೀಮಂತ, ತಾನೇ ಬಂದು ನೋಟುಗಳನ್ನು ಎಣಿಸಿ ಕೊಟ್ಟಿದ್ದಾನೆ. ನಗದು! ಇನ್ನು ಆ ಮನೆಯೊಳಗೆ ಹೋಗುವುದು ಹೇಗೆ? ರಾತ್ರಿ ಕನ್ನ ಹಾಕಿದರೆ ಸಿಕ್ಕಿಬೀಳುತ್ತಾರೆ. ಹಾಗಾಗಿ ನಡುಹಗಲಿನಲ್ಲಿ, ಒಳ್ಳೆಯ ಬಟ್ಟೆ ತೊಟ್ಟು, ಬೀಗದವನನ್ನು ಕರೆಸಿ, ಬೀದಿಯ ಪೊಲೀಸನ ಕಣ್ಣೆದುರೇ ಬಾಗಿಲು ತೆಗೆಸುತ್ತಾರೆ. ಸಂಭಾವಿತನಂತೆ ಕಂಡವನನ್ನು ಯಾರೂ ಕೇಳುವುದಿಲ್ಲ ಅನ್ನುವ ಈ ಅರಿವು ಹಾರ್ಡ್‌ಬಾಯಿಲ್ಡ್ ಕಥೆಗಳಿಗಿಂತ ಕಾಲು ಶತಮಾನ ಹಳೆಯದು.

ಪೂರೈಕೆಯ ಪ್ರಶ್ನೆ

ಹಾರ್ಡ್‌ಬಾಯಿಲ್ಡ್ ಕಥೆಯನ್ನು ಬೆಳೆಸಿದ 'ಬ್ಲ್ಯಾಕ್ ಮಾಸ್ಕ್' ಪತ್ರಿಕೆ ಶುರುವಾದದ್ದು 1920ರಲ್ಲಿ. ಅಮೆರಿಕದಲ್ಲಿ ಪಾನನಿಷೇಧ ಜಾರಿಗೆ ಬಂದದ್ದೂ ಅದೇ ವರ್ಷ. ಕಾಕತಾಳೀಯವೇ ಇರಬಹುದು, ಆದರೆ 1933ರವರೆಗೆ ಆ ಕಥೆಗಳ ಲೋಕಕ್ಕೆ ಅನ್ನ ಹಾಕಿದ್ದು ಕಳ್ಳ ಹೆಂಡ. ಎಲ್ಲರೂ ಕುಡಿಯುತ್ತಾರೆ, ಮಾರುವುದು ಅಪರಾಧ, ಆದ್ದರಿಂದ ಲಾರಿ ಓಡಿಸುವವನಿಂದ ಹಿಡಿದು ನ್ಯಾಯಾಧೀಶನವರೆಗೆ ಎಲ್ಲರ ಜೇಬಿಗೂ ಪಾಲು. ರಕ್ತವನ್ನು ಆ ಹೆಂಡದ ಜಾಗದಲ್ಲಿಟ್ಟ ಕೂಡಲೇ ಎರಡು ಪ್ರಕಾರಗಳೂ ಒಂದಾಗುತ್ತವೆ. ಮುಂದಿನದು ಲೆಕ್ಕ.

ಒಂದು ಚೀಲ ರಕ್ತ 450 ಮಿಲಿಲೀಟರ್. ವ್ಯಾಂಪೈರ್‌ಗೆ ರಾತ್ರಿಗೊಂದು ಚೀಲ ಅಂದರೆ ವರ್ಷಕ್ಕೆ 365 ಚೀಲ, ಸುಮಾರು 164 ಲೀಟರ್. ಹನ್ನೆರಡು ಜನರ ಗುಂಪಿಗೆ 4,380 ಚೀಲ. ಇಷ್ಟನ್ನು ಜೇಬಿನಲ್ಲಿ ಕದ್ದೊಯ್ಯಲಾಗುವುದಿಲ್ಲ. ಇಡೀ ರಕ್ತವನ್ನು 2ರಿಂದ 6 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಟ್ಟರೆ, ಸಾಮಾನ್ಯವಾಗಿ ಬಳಸುವ ಸಂರಕ್ಷಕ ದ್ರವದಲ್ಲಿ, 35 ದಿನ ತಾಳುತ್ತದೆ. ಕೆಂಪು ಕಣಗಳನ್ನಷ್ಟೇ ಬೇರ್ಪಡಿಸಿ ಪೋಷಕ ದ್ರವ ಸೇರಿಸಿದರೆ 42 ದಿನ. ಪ್ರತಿ ಚೀಲಕ್ಕೂ ನಂಬರು, ಒಳಬಂದ ತಾರೀಖು, ಹೊರಹೋದ ತಾರೀಖು. ಒಳ್ಳೆಯ ಚೀಲ ಮಾಯವಾದರೆ ಅದೇ ದಿನ ಗಲಾಟೆ. ಅವಧಿ ಮುಗಿದು 'ನಾಶಪಡಿಸಲಾಗಿದೆ' ಅಂತ ಬರೆದ ಚೀಲವನ್ನು ಮಾತ್ರ ಯಾರೂ ಹುಡುಕುವುದಿಲ್ಲ. ಸೋರಿಕೆ ಅಲ್ಲೇ. ಆ ಸಾಲಿನ ಕೊನೆಗೆ ಸಹಿ ಹಾಕುವ ಗುಮಾಸ್ತನೇ ಇಡೀ ಕಾದಂಬರಿಯ ಮುಖ್ಯ ವ್ಯಕ್ತಿ. ಅವನಿಗೆ ಏನು ಕೊಟ್ಟಿದ್ದಾರೆ? ದುಡ್ಡೋ, ಕಾಯಿಲೆ ಬಿದ್ದ ಮಗಳಿಗೆ ಸಾವಿಲ್ಲದ ಬದುಕಿನ ಆಸೆಯೋ? ಪತ್ತೇದಾರ ಕಟ್ಟಿಹಾಕಬೇಕಾದದ್ದು ಇವನನ್ನು. ಕೋರೆಹಲ್ಲಿನವನು ಆಮೇಲೆ ತಾನಾಗಿ ಬರುತ್ತಾನೆ.

ಕಾಲ ಹಿಂದಕ್ಕೆ ಹೋದಂತೆ ಪೂರೈಕೆಯ ದಾರಿಯೂ ಬದಲಾಗಬೇಕು, ಇಲ್ಲಿ ತುಂಬ ಜನ ಜಾರುತ್ತಾರೆ. ಅಮೆರಿಕದ ಆಸ್ಪತ್ರೆಯಲ್ಲಿ ಮೊದಲ ರಕ್ತನಿಧಿ ಶುರುವಾದದ್ದು 1937ರಲ್ಲಿ, ಶಿಕಾಗೊದಲ್ಲಿ. 1930ರಲ್ಲಿ ನಡೆಯುವ ಕಥೆಯಲ್ಲಿ ಫ್ರಿಜ್ಜಿನ ತುಂಬ ರಕ್ತದ ಚೀಲ ಇಟ್ಟರೆ ಅದು ತಪ್ಪು. ಪ್ಲಾಸ್ಟಿಕ್ ಚೀಲ ಬಂದದ್ದಂತೂ ಇನ್ನೂ ಆಮೇಲೆ, ಅದಕ್ಕೆ ಮುಂಚೆ ಗಾಜಿನ ಬಾಟಲಿ. 1930ರ ವ್ಯಾಂಪೈರ್‌ಗೆ ಬೇಕಾದದ್ದು ದುಡ್ಡಿಗೆ ರಕ್ತ ಕೊಡುವವರ ವಿಳಾಸದ ಪಟ್ಟಿ. ಕಥೆಗೆ ಅದು ಇನ್ನೂ ಒಳ್ಳೆಯದೇ, ಪಟ್ಟಿಯಲ್ಲಿನ ಹೆಸರುಗಳು ಒಂದೊಂದಾಗಿ ಅಳಿಸಿಹೋಗಬಹುದು. ರಕ್ತ ತಾಗಿದರೆ ಹೊಳೆಯುವ ಲ್ಯುಮಿನಾಲ್ ಸಿಂಪಡಿಸಿ ರಕ್ತದ ಕಲೆ ಹುಡುಕುವುದೂ 1937ರ ನಂತರದ ಮಾತು, ಅದು ಬ್ಲೀಚಿಗೂ ಹೊಳೆಯುತ್ತದೆ ಅನ್ನುವುದನ್ನು ಮರೆಯಬಾರದು. 'ಡ್ರಾಕುಲಾ'ದಲ್ಲಿ ಕೌಂಟ್ ಕಚ್ಚಿದ ಲೂಸಿ ಎಂಬ ಹುಡುಗಿಗೆ ನಾಲ್ವರು ಗಂಡಸರ ರಕ್ತ ಏರಿಸುತ್ತಾರೆ, ಗುಂಪು ನೋಡುವ ಮಾತೇ ಇಲ್ಲ. ತಪ್ಪು ಅವರದಲ್ಲ, ರಕ್ತದ ಗುಂಪು ಪತ್ತೆಯಾದದ್ದೇ 1901ರಲ್ಲಿ.

ಬಾವಲಿಗಳಿಂದ ಕದಿಯಬಹುದಾದದ್ದು ಇನ್ನೊಂದಿದೆ. ಎರಡು ಮೂರು ರಾತ್ರಿ ರಕ್ತ ಸಿಗದಿದ್ದರೆ ಬಾವಲಿ ಸಾಯುತ್ತದೆ. ಹಾಗಾಗಿ ಹೊಟ್ಟೆ ತುಂಬಿದ್ದು ಹಸಿದದ್ದರ ಬಾಯಿಗೆ ಕಕ್ಕಿ ಕೊಡುತ್ತದೆ, ಹಿಂದೆ ತನಗೆ ಕೊಟ್ಟವರಿಗೆ ಹೆಚ್ಚಾಗಿ ಕೊಡುತ್ತದೆ. ಸಾಲ, ಋಣ, ಮುಲಾಜು. ವ್ಯಾಂಪೈರ್‌ಗಳ ನಡುವಿನ ರಾಜಕೀಯವನ್ನು ವಂಶ, ಕಿರೀಟ, ಸಿಂಹಾಸನ ಅಂತ ಬರೆಯುವ ಬದಲು ಯಾರು ಯಾರಿಗೆ ಎಷ್ಟು ರಾತ್ರಿಯ ಬಾಕಿ ಅಂತ ಬರೆದರೆ ಅದು ತಕ್ಷಣ ಹಾರ್ಡ್‌ಬಾಯಿಲ್ಡ್ ಆಗುತ್ತದೆ.

ನಿಯಮವೇ ಸಾಕ್ಷಿ

ವ್ಯಾಂಪೈರ್‌ನ ಕಟ್ಟುಪಾಡುಗಳನ್ನು ಬರಹಗಾರರು ಅಲಂಕಾರಕ್ಕೆ ಇಡುತ್ತಾರೆ. ಪತ್ತೇದಾರಿಯಲ್ಲಿ ಅವು ರೈಲ್ವೆ ವೇಳಾಪಟ್ಟಿಯ ಕೆಲಸ ಮಾಡಬೇಕು. ಬಿಸಿಲಿಗೆ ಸಾಯುತ್ತಾನೆ ಅಂತ ಒಮ್ಮೆ ಬರೆದರೆ ಅಕ್ಷಾಂಶ ನೋಡಿಕೊಳ್ಳಿ. ಭೂಮಧ್ಯರೇಖೆಯಲ್ಲಿ ವರ್ಷವಿಡೀ ಹೆಚ್ಚುಕಮ್ಮಿ ಹನ್ನೆರಡು ಗಂಟೆ ರಾತ್ರಿ. 60 ಡಿಗ್ರಿ ಉತ್ತರದಲ್ಲಿ ಜೂನ್ ಕೊನೆಗೆ ಸೂರ್ಯ ಮುಳುಗಿರುವುದು ಐದು ಗಂಟೆಯ ಆಸುಪಾಸು, ಡಿಸೆಂಬರ್ ಕೊನೆಗೆ ಹದಿನೆಂಟು. ಜೂನಿನಲ್ಲಿ ಮುನ್ನೂರು ಕಿಲೋಮೀಟರ್ ಆಚೆ ಕೊಲೆ ಮಾಡಿ ಬೆಳಗಾಗುವುದರೊಳಗೆ ವಾಪಸಾದ ಅಂದರೆ ಕಾರಿನ ವೇಗ ಲೆಕ್ಕ ಹಾಕಿಕೊಳ್ಳಬೇಕು. (ಅಂದ ಹಾಗೆ, ಬಿಸಿಲಿಗೆ ಸಾಯುವುದು ಹಳೆಯ ನಂಬಿಕೆಯೇನಲ್ಲ, 1922ರ 'ನೊಸ್ಫೆರಾಟು' ಸಿನಿಮಾ ತಂದದ್ದು. ಡ್ರಾಕುಲಾ ಲಂಡನ್ನಿನಲ್ಲಿ ಹಾಡಹಗಲೇ ಓಡಾಡುತ್ತಾನೆ.) ಕನ್ನಡಿಯಲ್ಲಿ ಕಾಣುವುದಿಲ್ಲ ಅನ್ನುವುದಕ್ಕೆ ಕನ್ನಡಿಯ ಬೆಳ್ಳಿ ಕಾರಣವೋ, ಆತ್ಮವಿಲ್ಲದಿರುವುದು ಕಾರಣವೋ, ಮೊದಲೇ ತೀರ್ಮಾನಿಸಿ. ಬೆಳ್ಳಿ ಅಂದರೆ ಬೆಳ್ಳಿಯ ಲವಣ ಬಳಸುವ ಹಳೆಯ ಫಿಲ್ಮ್ ಕ್ಯಾಮೆರಾಗೆ ಅವನು ಸಿಗುವುದಿಲ್ಲ, ಡಿಜಿಟಲ್ ಸಿಸಿಟಿವಿಗೆ ಸಿಗುತ್ತಾನೆ. ಆತ್ಮ ಅಂದರೆ ಎರಡಕ್ಕೂ ಇಲ್ಲ, ಆಗ ತಾನಾಗಿ ತೆರೆದು ಮುಚ್ಚಿಕೊಂಡ ಲಿಫ್ಟಿನ ಬಾಗಿಲೇ ಸಾಕ್ಷಿ.

ನನಗೆ ಎಲ್ಲಕ್ಕಿಂತ ರುಚಿಸುವುದು ಹೊಸ್ತಿಲಿನ ನಿಯಮ. ಕರೆಯದೆ ಒಳಗೆ ಬರಲಾಗದವನು ವ್ಯಾಂಪೈರ್, ಕರೆಯದೆ ಒಳಗೆ ಹೋಗುವುದೇ ಕಸುಬಾದವನು ಪತ್ತೇದಾರ. ಮನೆಯೊಳಗೆ ಹೆಣ ಬಿದ್ದಿದ್ದರೆ ಬಾಗಿಲಲ್ಲಿ 'ಬನ್ನಿ' ಅಂದವರು ಯಾರು ಅನ್ನುವುದೇ ಪ್ರಶ್ನೆ. ಬಾಡಿಗೆ ಮನೆಯಲ್ಲಿ ಕರೆಯುವ ಹಕ್ಕು ಮಾಲೀಕನದೋ, ಬಾಡಿಗೆದಾರನದೋ? ಹೋಟೆಲ್ ಕೋಣೆಯಲ್ಲಿ? ಬಾಡಿಗೆ ಬಾಕಿಯಿದ್ದು ಖಾಲಿ ಮಾಡಲು ನೋಟಿಸ್ ಬಂದವನ ಹೊಸ್ತಿಲು ಇನ್ನೂ ಅವನದೇ ಏನು? ಇಂಥ ಕಾನೂನು ಜಗಳದಲ್ಲಿ ಇಂಗ್ಲಿಷ್ ಆಸ್ತಿ ಕಾನೂನಿನ ಒಂದು ಹಳೆಯ ನಿಯಮ ಬಲು ಮಜಾ ಕೊಡುತ್ತದೆ. ಆಸ್ತಿ ಕೊನೆಗೆ ಯಾರ ಕೈ ಸೇರುತ್ತದೆ ಅನ್ನುವುದು, ದಸ್ತಾವೇಜು ಬರೆದಾಗ ಬದುಕಿದ್ದ ಯಾರಾದರೊಬ್ಬ ಸತ್ತ 21 ವರ್ಷದೊಳಗೆ ಇತ್ಯರ್ಥವಾಗಬೇಕಿತ್ತಂತೆ. 1682ರ ಒಂದು ಮೊಕದ್ದಮೆಯಿಂದ ಬೆಳೆದ ನಿಯಮ ಇದು, ಇಂಗ್ಲೆಂಡಿನಲ್ಲಿ ಹೊಸ ದಸ್ತಾವೇಜುಗಳಿಗೆ 2010ರವರೆಗೆ ನಡೆಯಿತು. ಆ 'ಬದುಕಿದ್ದವನು' ಆಮೇಲೆ ವ್ಯಾಂಪೈರ್ ಆದರೆ? ಸತ್ತ ಅನ್ನಬೇಕೋ, ಇಲ್ಲವೋ? ಒಂದು ಇಡೀ ಮನೆತನ ಆ ತೀರ್ಪಿಗಾಗಿ ಕೊಲೆ ಮಾಡಬಹುದು.

ದನಿಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಉಪಮೆ ಪುಟಕ್ಕೊಂದು ಸಾಕು, ವಾಕ್ಯ ಚಿಕ್ಕದಿರಲಿ, ಪತ್ತೇದಾರ ಭಯಪಟ್ಟದ್ದನ್ನು ಹೇಳಿಕೊಳ್ಳದಿರಲಿ. 'ಬಾಗಿಲು ತೆಗೆದವಳ ಕೈ ತಣ್ಣಗಿತ್ತು. ಚಳಿಗೆ ಇರಬೇಕು ಅಂದುಕೊಂಡೆ. ಹೊರಗೆ ಸುಡು ಬೇಸಿಗೆ.' ಇಷ್ಟರಲ್ಲಿ ಎಲ್ಲ ಬಂತು.

ಪಿಕಡಿಲಿಯ ಮನೆಯೊಳಗೆ ಹೋದವರಿಗೆ ಒಂಬತ್ತರ ಬದಲು ಎಂಟೇ ಪೆಟ್ಟಿಗೆ ಸಿಗುತ್ತವೆ. ಆ ಒಂದರ ಬೆನ್ನು ಹತ್ತಿಯೇ ಅವರು ಯುರೋಪಿನ ಆ ತುದಿಯವರೆಗೆ ಹೋಗಬೇಕಾಗುತ್ತದೆ. ಅದಕ್ಕೆ ಮುಂಚೆ ಊಟದ ಕೋಣೆಯ ದೊಡ್ಡ ಮೇಜಿನ ಮೇಲೆ ಸಿಕ್ಕಿದ್ದನ್ನು ಪಟ್ಟಿ ಮಾಡುತ್ತಾರೆ. ಮೂರು ಮನೆಗಳ ಕ್ರಯಪತ್ರ, ಕಾಗದ, ಲಕೋಟೆ, ಮಸಿ, ಲೇಖನಿ. ಬಟ್ಟೆ ಉಜ್ಜುವ ಬ್ರಷ್ಷು, ತಲೆ ಬಾಚುವ ಬ್ರಷ್ಷು, ಬಾಚಣಿಗೆ. ಒಂದು ಹೂಜಿ, ಕೆಂಪು ತಿರುಗಿದ ಕೊಳೆ ನೀರಿನ ಬೋಗುಣಿ. ಬಗೆಬಗೆಯ ಬೀಗದ ಕೈಗಳ ರಾಶಿ. ಪಟ್ಟಿಯಲ್ಲಿ ಕನ್ನಡಿ ಇಲ್ಲ.